ಪೆನ್‌ಟೆಸ್ಟಿಂಗ್ ಕಲಿಯೋಕೆ ಯಾವ ಓಎಸ್ ಹಾಕಲಿ? ಇರೋದು ಒಂದೇ ಲ್ಯಾಪ್‌ಟಾಪ್, ಅನುಭವ ಇದ್ದವರು ಹೇಳಿ

ಕೇಳಿದವರು: ದಾವಣಗೆರೆ, ಬಿಸಿಎ ಕೊನೇ ವರ್ಷ

ಎಲ್ಲರಿಗೂ ನಮಸ್ಕಾರ. ಪೆನೆಟ್ರೇಶನ್ ಟೆಸ್ಟಿಂಗ್ ಕಲಿಯಬೇಕು ಅಂತ ಆಸೆ. ಕಂಪನಿಯವರ ಒಪ್ಪಿಗೆ ತಗೊಂಡು ಅವರ ಸಿಸ್ಟಮ್‌ನಲ್ಲಿ ಎಲ್ಲೆಲ್ಲಿ ತೂತಿದೆ ಅಂತ ಹುಡುಕಿಕೊಡೋ ಕೆಲಸ ಅಂತ ಗೊತ್ತು, ಅದಕ್ಕಿಂತ ಜಾಸ್ತಿ ಗೊತ್ತಿಲ್ಲ. ನನ್ನ ಹತ್ತಿರ ಇರೋದು ಐ5 ಲ್ಯಾಪ್‌ಟಾಪ್, 8 ಜಿಬಿ ರ್ಯಾಮ್, 512 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 11. ತಂಗಿಯ ಪಿಯುಸಿ ನೋಟ್ಸೂ ಇದರಲ್ಲೇ ಇವೆ. ರೂಮ್‌ಮೇಟ್ ವಿಂಡೋಸ್ ಪೂರ್ತಿ ತೆಗೆದು ಕಾಲಿ ಲಿನಕ್ಸ್ ಹಾಕು ಅಂತಾನೆ, ಪೆನ್‌ಡ್ರೈವ್ ರೆಡಿ ಮಾಡಿಟ್ಟುಕೊಂಡೇ ಕೂತಿದ್ದಾನೆ. ಸೀನಿಯರ್ ಒಬ್ಬರು ಪ್ಯಾರಟ್ ಅನ್ನೋ ಇನ್ನೊಂದು ಲಿನಕ್ಸ್ ಹಗುರ ಅಂತಾರೆ. ಬ್ಲ್ಯಾಕ್‌ಆರ್ಚ್ ಅನ್ನೋ ಲಿನಕ್ಸ್ ಹಾಕದವನು ಹ್ಯಾಕರೇ ಅಲ್ಲ ಅಂತ ಒಂದು ವೀಡಿಯೊ ನೋಡಿದೆ. ಲಿನಕ್ಸ್‌ನಲ್ಲಿ ನನಗೆ ಬರೋದು ಎಲ್‌ಎಸ್, ಸಿಡಿ ಅನ್ನೋ ಎರಡೇ ಕಮಾಂಡ್. ಏನು ಹಾಕಲಿ, ಎಲ್ಲಿಂದ ಶುರು ಮಾಡಲಿ?

ಉತ್ತರ: ಬೆಂಗಳೂರಿನ ಪೆನ್‌ಟೆಸ್ಟರ್, ಈ ಕೆಲಸದಲ್ಲಿ 9 ವರ್ಷ

ತಮ್ಮಾ, ಮೊದಲು ಆ ಪೆನ್‌ಡ್ರೈವ್ ಕಿತ್ತುಕೊಂಡು ಬೀರುವಲ್ಲಿ ಇಡು. ವಿಂಡೋಸ್ ಇದ್ದ ಹಾಗೇ ಇರಲಿ. ಲ್ಯಾಪ್‌ಟಾಪ್ ಒಳಗೇ ಇನ್ನೊಂದು ಕಂಪ್ಯೂಟರ್ ಎಬ್ಬಿಸೋ ವರ್ಚುವಲ್‌ಬಾಕ್ಸ್ ಹಾಕಿಕೊಂಡು ಅದರೊಳಗೆ ಕಾಲಿ ಇಟ್ಟುಕೋ. ನನ್ನ ಕೆಲಸದ ಲ್ಯಾಪ್‌ಟಾಪೂ ವಿಂಡೋಸೇ. ರಿಪೋರ್ಟ್ ಬರೆಯೋದು ವರ್ಡ್‌ನಲ್ಲಿ, ಮೀಟಿಂಗ್ ಟೀಮ್ಸ್‌ನಲ್ಲಿ, ಹುಡುಕಾಟ ಮಾತ್ರ ವಿಎಂನಲ್ಲಿ, ಅಂದರೆ ಆ ಒಳಗಿನ ಕಂಪ್ಯೂಟರ್‌ನಲ್ಲಿ. ಪ್ರಾಜೆಕ್ಟ್ ಮುಗಿದ ಮೇಲೆ ಆ ವಿಎಂ ಅಳಿಸಿ ಹೊಸದು ಎಬ್ಬಿಸುತ್ತೇನೆ. ಒಬ್ಬ ಕ್ಲೈಂಟ್‌ನ ಡೇಟಾ ಇನ್ನೊಬ್ಬರ ಕೆಲಸಕ್ಕೆ ಅಂಟಿಕೊಂಡು ಬರಬಾರದಲ್ವಾ.

ಕಾಲಿಯಲ್ಲಿ ಮಂತ್ರ ಏನೂ ಇಲ್ಲ. 2013ರಲ್ಲಿ ಬ್ಯಾಕ್‌ಟ್ರ್ಯಾಕ್ ಅನ್ನೋ ಹಳೇ ಓಎಸ್‌ನ ಜಾಗಕ್ಕೆ ಬಂದದ್ದು. ಡೆಬಿಯನ್ ಅನ್ನೋ ಲಿನಕ್ಸ್ ಮೇಲೆ ನೂರಾರು ಟೂಲ್ ಮೊದಲೇ ತುಂಬಿಸಿಟ್ಟ ಪೆಟ್ಟಿಗೆ ಅಷ್ಟೇ. ಪ್ಯಾರಟ್ ಕೂಡ ಡೆಬಿಯನ್ನೇ. ಎರಡರಲ್ಲೂ ನೆಟ್‌ವರ್ಕ್ ಸ್ಕ್ಯಾನ್ ಮಾಡೋ ಎನ್‌ಮ್ಯಾಪ್ ಅದೇ, ವೆಬ್‌ಸೈಟ್‌ಗೆ ಹೋಗೋ ಸಂದೇಶ ನಡುವೆ ಹಿಡಿಯೋ ಬರ್ಪ್ ಅದೇ. ನಾನು ಕಾಲಿ ಹೇಳೋಕೆ ಒಂದೇ ಕಾರಣ: ಜಾಸ್ತಿ ಜನ ಬಳಸುತ್ತಾರೆ, ಎರರ್ ಬಂದಾಗ ಹುಡುಕಿದರೆ ಉತ್ತರ ಸಿಗುತ್ತದೆ. ಬ್ಲ್ಯಾಕ್‌ಆರ್ಚ್‌ನಲ್ಲಿ 2800ಕ್ಕೂ ಮೇಲೆ ಟೂಲ್ ಇವೆ. ನಾನು ವಾರದಲ್ಲಿ ಮುಟ್ಟೋದು ಹದಿನೈದು ದಾಟಲ್ಲ.

ಕಾಲಿಯ ಸೈಟ್‌ನಲ್ಲೇ ವರ್ಚುವಲ್‌ಬಾಕ್ಸ್‌ಗೆ ಅಂತ ಸಿದ್ಧ ಇಮೇಜ್ ಕೊಡುತ್ತಾರೆ, ಇನ್‌ಸ್ಟಾಲ್ ಮಾಡೋ ರಗಳೆ ಇಲ್ಲ. ಯೂಸರ್ ಹೆಸರೂ ಪಾಸ್‌ವರ್ಡೂ ಇಂಗ್ಲಿಷ್‌ನಲ್ಲಿ kali ಅಂತಲೇ. 2 ಜಿಬಿ ರ್ಯಾಮ್ ಕೊಡು, ಆ ಹೊತ್ತಿಗೆ ಕ್ರೋಮ್ ಮುಚ್ಚಿಡು. ಪಕ್ಕದಲ್ಲಿ ಹೊಡೆಸಿಕೊಳ್ಳೋಕೆ ಒಂದು ಯಂತ್ರ ಬೇಕಲ್ಲ, ಮೆಟಾಸ್ಪ್ಲಾಯ್ಟಬಲ್ 2 ತಗೋ. ಬೇಕಂತಲೇ ತೂತು ಬಿಟ್ಟು ಮಾಡಿದ ಲಿನಕ್ಸ್ ಅದು, 512 ಎಂಬಿಯಲ್ಲಿ ಓಡುತ್ತದೆ.

ಇಲ್ಲಿ ಎಲ್ಲರೂ ಮುಗ್ಗರಿಸುವ ಒಂದು ಜಾಗ ಇದೆ. ಎರಡೂ ವಿಎಂ ಎದ್ದ ಮೇಲೆ ಐಪಿ ನೋಡಿದರೆ ಎರಡಕ್ಕೂ 10.0.2.15 ಇರುತ್ತದೆ. ನಾನು ಒಂದು ಇಡೀ ಭಾನುವಾರ ನನ್ನನ್ನೇ ನಾನು ಸ್ಕ್ಯಾನ್ ಮಾಡುತ್ತಾ ಕೂತಿದ್ದೆ. ವರ್ಚುವಲ್‌ಬಾಕ್ಸ್ ಮೊದಲಿಗೆ ಕೊಡೋ ನ್ಯಾಟ್ ಅನ್ನೋ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಪ್ರತಿ ವಿಎಂ ಅದರದರ ಕೋಣೆಯಲ್ಲಿ ಬೀಗ ಹಾಕಿಕೊಂಡಿರುತ್ತದೆ, ಒಂದಕ್ಕೊಂದು ಕಾಣಲ್ಲ. ಎರಡನ್ನೂ ಹೋಸ್ಟ್-ಓನ್ಲಿ, ಅಂದರೆ ನಿನ್ನ ಲ್ಯಾಪ್‌ಟಾಪ್ ಒಳಗಷ್ಟೇ ಇರೋ ನೆಟ್‌ವರ್ಕ್‌ಗೆ ಮಾಡು, 192.168.56 ಅಂತ ಶುರುವಾಗೋ ನಂಬರ್ ಬರುತ್ತದೆ. ಮೆಟಾಸ್ಪ್ಲಾಯ್ಟಬಲ್ ಅನ್ನು ಬ್ರಿಡ್ಜ್ ಮಾತ್ರ ಮಾಡಬೇಡ, ಅದು ನೇರ ಹೊರಗಿನ ನೆಟ್‌ವರ್ಕ್‌ಗೆ ಸೇರಿಬಿಡುತ್ತದೆ. ಹಾಸ್ಟೆಲ್ ವೈಫೈನಲ್ಲಿ ಇರೋರಿಗೆಲ್ಲ ಬಾಗಿಲು ತೆರೆದಿಟ್ಟ ಹಾಗೆ.

ಆಮೇಲೆ ಮೆಟಾಸ್ಪ್ಲಾಯ್ಟಬಲ್‌ನ 21ನೇ ಪೋರ್ಟ್, ಅಂದರೆ ನೆಟ್‌ವರ್ಕ್‌ಗೆ ತೆರೆದ ಬಾಗಿಲು, ಸ್ಕ್ಯಾನ್ ಮಾಡಿ ನೋಡು. ವಿಎಸ್‌ಎಫ್‌ಟಿಪಿಡಿ 2.3.4 ಅಂತ ಫೈಲ್ ಕಳಿಸೋ ಸರ್ವರ್ ತೋರಿಸುತ್ತದೆ. 2011ರಲ್ಲಿ ಆ ಸಾಫ್ಟ್‌ವೇರ್‌ನ ಡೌನ್‌ಲೋಡ್ ಫೈಲಿಗೇ ಯಾರೋ ಕಳ್ಳಬಾಗಿಲು ಸೇರಿಸಿಬಿಟ್ಟಿದ್ದರು. ಸಿದ್ಧ ದಾಳಿಗಳನ್ನು ತುಂಬಿಟ್ಟ ಮೆಟಾಸ್ಪ್ಲಾಯ್ಟ್ ಅನ್ನೋ ಟೂಲ್‌ನಲ್ಲಿ ನಾಲ್ಕು ಸಾಲು ಹೊಡೆದರೆ ಒಳಗೆ ಹೋಗಬಹುದು. ನಾನೂ ಮೊದಲು ಹಾಗೇ ಹೋಗಿ ಕುಣಿದಾಡಿದೆ. ಏನಾಯಿತು ಅಂತ ಒಂದಕ್ಷರ ತಿಳಿದಿರಲಿಲ್ಲ. ಎರಡು ವಾರ ಬಿಟ್ಟು ಕೈಯಾರೆ ಮಾಡಿದೆ: ಟೆಲ್ನೆಟ್‌ನಲ್ಲಿ 21ಕ್ಕೆ ಹೋಗಿ, ಯೂಸರ್ ಹೆಸರಿನ ಕೊನೆಗೆ ನಗುಮುಖ, ಅಂದರೆ ಕೋಲನ್ ಮತ್ತು ಬ್ರಾಕೆಟ್, ಪಾಸ್‌ವರ್ಡ್ ಬಾಯಿಗೆ ಬಂದದ್ದು. ಆ ಕಿಟಕಿ ಸುಮ್ನೆ ನಿಂತುಬಿಟ್ಟಿತು. ಇನ್ನೊಂದು ಕಿಟಕಿಯಿಂದ, ಆ ಕಳ್ಳಬಾಗಿಲು ತೆರೆಯೋ 6200ನೇ ಪೋರ್ಟ್‌ಗೆ ನೆಟ್‌ಕ್ಯಾಟ್ ಅನ್ನೋ ಟೂಲ್‌ನಿಂದ ಸೇರಿ, ನಾನು ಯಾರು ಅಂತ ತೋರಿಸೋ ಐಡಿ ಕಮಾಂಡ್ ಟೈಪ್ ಮಾಡಿದೆ. ಯುಐಡಿ ಸೊನ್ನೆ, ರೂಟ್, ಅಂದರೆ ಯಂತ್ರದ ಪೂರ್ತಿ ಅಧಿಕಾರ. ನಾನು ಕಲಿತದ್ದು ಅವತ್ತು.

ಉತ್ತರ: ಶಿವಮೊಗ್ಗ, ಸಾಫ್ಟ್‌ವೇರ್ ಟೆಸ್ಟರ್

ನನ್ನದು ಮಾಡಬಾರದ್ದರ ಅನುಭವ. ಒಂದೇ ಲ್ಯಾಪ್‌ಟಾಪ್‌ನಲ್ಲಿ ಎರಡು ಓಎಸ್, ಅಂದರೆ ಡ್ಯುಯಲ್ ಬೂಟ್ ಮಾಡೋಣ ಅಂತ ಪಾರ್ಟಿಶನ್ ಕತ್ತರಿಸಿ, ಸೆಕ್ಯೂರ್ ಬೂಟ್ ಆಫ್ ಮಾಡಿ, ಕಾಲಿ ಹಾಕಿದೆ. ಕಾಲಿ ಚೆನ್ನಾಗಿಯೇ ಬಂತು. ಬೆಳಿಗ್ಗೆ ಆಫೀಸ್ ಕೆಲಸಕ್ಕೆ ವಿಂಡೋಸ್ ಒತ್ತಿದರೆ ನೀಲಿ ಪರದೆ, ಡಿಸ್ಕ್‌ಗೆ ಬೀಗ ಹಾಕೋ ಬಿಟ್‌ಲಾಕರ್‌ನ ಕೀ ಕೊಡಿ ಅಂತ. 48 ಅಂಕಿ. ನಾನು ಬಿಟ್‌ಲಾಕರ್ ಆನ್ ಮಾಡಿದ್ದ ನೆನಪೇ ಇಲ್ಲ, ಲ್ಯಾಪ್‌ಟಾಪ್ ತಾನೇ ಮಾಡಿಕೊಂಡಿತ್ತು. ಕೀ ಇರೋದು ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ. ಆ ಅಕೌಂಟ್ ಯಾರದ್ದು? ಕೊಂಡ ದಿನ ಸೆಟಪ್ ಮಾಡಿಕೊಟ್ಟ ಅಂಗಡಿ ಹುಡುಗನದ್ದು! ಅವನು ಆ ಅಂಗಡಿ ಬಿಟ್ಟು ತಿಂಗಳುಗಳೇ ಆಗಿದ್ದವು. ನಂಬರ್ ಹುಡುಕಿ ಫೋನ್ ಮಾಡಿದರೆ, ಪಾಪ, ಒಂದೊಂದೇ ಅಂಕಿ ಓದಿ ಹೇಳಿದ. ನಡುವೆ ಒಂದು ಸಲ ಕರೆ ಕಟ್ಟಾಯಿತು.

ಡ್ಯುಯಲ್ ಬೂಟ್ ಮಾಡಲೇಬೇಕು ಅಂದರೆ ಮೊದಲು ಆ ಕೀ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ತಂಗಿಯ ನೋಟ್ಸ್ ಬೇರೆ ಇದೆ ಅಂದಿದ್ದೀರಿ.

ಉತ್ತರ: ಪುತ್ತೂರು, ಸಿಸ್ಟಮ್ ಅಡ್ಮಿನ್

ಓಎಸ್ ಜಗಳ ಆಮೇಲೆ ಮಾಡುವ ಮಾರಾಯ್ರೆ. ಎಲ್‌ಎಸ್, ಸಿಡಿ ಮಾತ್ರ ಬರುತ್ತದೆ ಅಂದವರು ಕಾಲಿ ತೆರೆದು ಏನು ಮಾಡುವುದು? ಲಿನಕ್ಸ್‌ನ ಮೊದಲ ಪಾಠಕ್ಕೆ ಇದು ತಕ್ಕದ್ದಲ್ಲ ಅಂತ ಕಾಲಿಯವರೇ ತಮ್ಮ ಸೈಟ್‌ನಲ್ಲಿ ಬರೆದಿದ್ದಾರೆ. ಮಿಂಟ್ ಅಥವಾ ಉಬುಂಟು ಅಂತ ಸಾದಾ ಲಿನಕ್ಸ್ ಒಂದು ವಿಎಂನಲ್ಲಿ ಹಾಕಿ, ಎರಡು ತಿಂಗಳು ದಿನದ ಕೆಲಸ ಅದರಲ್ಲೇ ಮಾಡಿ. ಫೈಲ್ ಪರ್ಮಿಷನ್ ಅಂದರೇನು, ಯಾವ ಸರ್ವಿಸ್ ಓಡುತ್ತಿದೆ, ಲಾಗ್ ಎಲ್ಲಿ ಬೀಳುತ್ತದೆ ಇಷ್ಟು ಗೊತ್ತಾಗಲಿ. ಬೀಗ ಹೇಗೆ ಹಾಕುತ್ತಾರೆ ಅಂತ ತಿಳಿಯದವ ಬೀಗ ತೆಗೆಯುವುದು ಹೇಗೆ?

ಓವರ್‌ದವೈರ್ ಅನ್ನುವ ಸೈಟ್‌ನ ಬ್ಯಾಂಡಿಟ್ ಆಟ ಆಡಿ. ದುಡ್ಡಿಲ್ಲ, ವಿಂಡೋಸ್‌ನಿಂದಲೇ ಎಸ್‌ಎಸ್‌ಎಚ್ ಮಾಡಿ ಅವರ ಕಂಪ್ಯೂಟರ್‌ಗೆ ಸೇರಬಹುದು. ಒಂದೊಂದು ಹಂತದಲ್ಲೂ ಮುಂದಿನ ಹಂತದ ಪಾಸ್‌ವರ್ಡ್ ಅಡಗಿಸಿ ಇಟ್ಟಿರುತ್ತಾರೆ. ಶುರುವಿನಲ್ಲೇ ಒಂದು ಫೈಲಿನ ಹೆಸರು ಬರೀ ಅಡ್ಡಗೆರೆ. ಫೈಲ್ ಓದುವ ಕ್ಯಾಟ್ ಕಮಾಂಡ್ ಕೊಟ್ಟು ಅಡ್ಡಗೆರೆ ಒತ್ತಿದರೆ ಏನೂ ಬರುವುದಿಲ್ಲ, ಕರ್ಸರ್ ಮಿನುಗುತ್ತಾ ನಿಮ್ಮನ್ನೇ ನೋಡುತ್ತದೆ. ಅಡ್ಡಗೆರೆ ಅಂದರೆ ಅದಕ್ಕೆ ಕೀಬೋರ್ಡ್‌ನಿಂದ ಓದು ಅಂತ ಅರ್ಥ. ಅಡ್ಡಗೆರೆಗೆ ಮೊದಲು ಚುಕ್ಕಿ ಮತ್ತು ಓರೆಗೆರೆ ಸೇರಿಸಿದರೆ ಫೈಲ್ ತೆರೆಯುತ್ತದೆ. ಇಷ್ಟು ಸಣ್ಣದಕ್ಕೆ ನಾನು ಅರ್ಧ ಗಂಟೆ ತಲೆ ಕೆರೆದುಕೊಂಡಿದ್ದೇನೆ, ಸರ್ವರ್ ನೋಡಿಕೊಳ್ಳುವ ಕೆಲಸ ಮಾಡಿಕೊಂಡೇ!

ಉತ್ತರ: ಹುಬ್ಬಳ್ಳಿ, ಕಲಿಯುತ್ತಿರುವವನು, ಎರಡನೇ ವರ್ಷ

ಎಲ್ಲರೂ ವಿಎಂ ವಿಎಂ ಅಂತೀರಿ. ನನ್ನ ಹಳೇ 4 ಜಿಬಿ ಲ್ಯಾಪ್‌ಟಾಪ್‌ನಲ್ಲಿ ವಿಎಂ ತೆರೆದರೆ ಚಹಾ ಕುಡಿದು ಬರಬಹುದು. ನಾನು ನೇರ ಕಾಲಿಯನ್ನೇ ಹಾಕಿದ್ದೇನೆ, ಒಂದೂವರೆ ವರ್ಷದಿಂದ ತಕರಾರಿಲ್ಲ. ಇನ್ನೊಂದು ಮಾತು, ವೈಫೈ ಕಲಿಯೋರಿಗೆ ವಿಎಂ ಒಳಗೆ ಲ್ಯಾಪ್‌ಟಾಪ್‌ನ ಸ್ವಂತ ವೈಫೈ ಕಾರ್ಡ್ ಸಿಗೋದೇ ಇಲ್ಲ, ಬರೀ ವೈರ್ ಹಾಕಿದ ನೆಟ್‌ವರ್ಕ್ ಥರ ಕಾಣುತ್ತದೆ. ಬೇರೆ ಯುಎಸ್‌ಬಿ ಅಡಾಪ್ಟರ್ ಬೇಕು. ಎಆರ್9271 ಚಿಪ್ ಇರೋದು ಲಿನಕ್ಸ್‌ನಲ್ಲಿ ಸರಿ ನಡೆಯುತ್ತದೆ.

ಮತ್ತೆ ಬೆಂಗಳೂರಿನಿಂದ

ಒಪ್ಪಿದೆ. ಬೇರೆ ಹಳೇ ಲ್ಯಾಪ್‌ಟಾಪ್ ಇದ್ದು, ಅದರಲ್ಲಿ ಕಳೆದುಕೊಳ್ಳೋದು ಏನೂ ಇಲ್ಲ ಅಂದರೆ ನೇರ ಹಾಕಿಕೊಳ್ಳಲಿ. ಈ ಹುಡುಗನಿಗೆ ಇರೋದು ಒಂದೇ. ವೈಫೈ ಈಗಲೇ ಬೇಡ.

ಉತ್ತರ: ಮೈಸೂರು, ವೆಬ್ ಆಪ್ ಟೆಸ್ಟಿಂಗ್

ನಾನು ಮೊದಲ ಎಂಟು ತಿಂಗಳು ಕಾಲಿ ತೆರೆಯಲೇ ಇಲ್ಲ ಅಂದರೆ ನಂಬುತ್ತೀರಾ? ವಿಂಡೋಸ್, ಫೈರ್‌ಫಾಕ್ಸ್, ಬರ್ಪ್ ಸೂಟ್ ಕಮ್ಯುನಿಟಿ, ಇಷ್ಟೇ. ಬರ್ಪ್ ಮಾಡಿದ ಪೋರ್ಟ್‌ಸ್ವಿಗರ್‌ನವರ ವೆಬ್ ಸೆಕ್ಯುರಿಟಿ ಅಕಾಡೆಮಿ ಪೂರ್ತಿ ಉಚಿತ, ಪಾಠದ ಜೊತೆಗೇ ಲ್ಯಾಬ್ ಇದೆ. ನಾನು ನೋಡಿದ ಹಾಗೆ ಹೊಸಬರ ಕೈಗೆ ಮೊದಲು ಬರೋ ಕೆಲಸ ವೆಬ್ ಮತ್ತು ಎಪಿಐ (ಆಪ್‌ಗಳು ಸರ್ವರ್ ಜೊತೆ ಮಾತಾಡೋ ದಾರಿ) ಟೆಸ್ಟಿಂಗೇ. ಅದಕ್ಕೆ ಬೇಕಾದದ್ದು ಎಚ್‌ಟಿಟಿಪಿ, ಅಂದರೆ ಬ್ರೌಸರ್ ಮತ್ತು ಸರ್ವರ್ ಆಡೋ ಮಾತು, ಓದೋ ಕಣ್ಣು.

ವೆಬ್ ಸುರಕ್ಷತೆಯ ಸಂಸ್ಥೆ ಓವಾಸ್ಪ್‌ನ ಜ್ಯೂಸ್ ಶಾಪ್ ಅಂತ ಒಂದು ಡಮ್ಮಿ ಅಂಗಡಿ ಇದೆ, ಅದನ್ನು ನಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡಿಸಿಕೊಳ್ಳಬಹುದು. ಲಾಗಿನ್ ಆಗಿ ನನ್ನ ಬುಟ್ಟಿ ತೆರೆದಾಗ ಬ್ರೌಸರ್ ಕಳಿಸಿದ್ದು ಬಾಸ್ಕೆಟ್ 6 ಅಂತ. ಬರ್ಪ್‌ನಲ್ಲಿ ಹಿಡಿದು 6ನ್ನು 1 ಮಾಡಿ ಬಿಟ್ಟೆ. ಬೇರೆಯವರ ಬುಟ್ಟಿ ಬಂದು ನಿಂತಿತು. ಟೂಲ್ ಇಲ್ಲ, ಕೋಡ್ ಇಲ್ಲ, ಒಂದು ಅಂಕಿ. ಈ ಬುಟ್ಟಿ ನಿನ್ನದೇನಾ ಅಂತ ಸರ್ವರ್ ಕೇಳಲೇ ಇಲ್ಲ. ನಿಜವಾದ ಪ್ರಾಜೆಕ್ಟ್‌ಗಳಲ್ಲೂ ನನಗೆ ಜಾಸ್ತಿ ಸಿಗೋದು ಈ ಜಾತಿಯ ತಪ್ಪೇ.

ಒಂದು ಕಿವಿಮಾತು: ಪ್ರತಿ ಲ್ಯಾಬ್ ಮುಗಿದ ಮೇಲೆ ಅರ್ಧ ಪುಟ ಬರೆದಿಡಿ. ಏನು ಮಾಡಿದಿರಿ, ಏನು ಸಿಕ್ಕಿತು, ಹೇಗೆ ಸರಿ ಮಾಡಬೇಕು. ಇಂಟರ್ವ್ಯೂನಲ್ಲಿ ನನ್ನ ಸರ್ಟಿಫಿಕೇಟ್ ಯಾರೂ ನೋಡಲಿಲ್ಲ, ಆ ಫೈಲ್ ಇಪ್ಪತ್ತು ನಿಮಿಷ ನೋಡಿದರು.

ಉತ್ತರ: ಕಲಬುರಗಿ

ಎಲ್ಲರೂ ಟೂಲ್ ಹೇಳಿದಿರಿ, ಇದನ್ನು ಯಾರೂ ಹೇಳಲಿಲ್ಲ. ಡಿಪ್ಲೊಮಾ ಓದುವಾಗ ಒಂದರ ಹಿಂದೊಂದು ಪಾಸ್‌ವರ್ಡ್ ಹಾಕಿ ನೋಡುವ ಹೈಡ್ರಾ ಟೂಲ್ ಕಲಿತ ಹುಮ್ಮಸ್ಸಿನಲ್ಲಿ ನಮ್ಮ ಕಾಲೇಜಿನ ಲಾಗಿನ್ ಪುಟದ ಮೇಲೆಯೇ ಬಿಟ್ಟೆ. ಕಾಲಿಯಲ್ಲೇ ಇರುವ ರಾಕ್‌ಯು ಪಟ್ಟಿ, 2009ರಲ್ಲಿ ಸೋರಿದ ನಿಜವಾದ ಜನರ ಪಾಸ್‌ವರ್ಡ್! 1 ಕೋಟಿ 40 ಲಕ್ಷಕ್ಕೂ ಹೆಚ್ಚು ಇವೆ ಅದರಲ್ಲಿ. ಒಂದು ಪಾಸ್‌ವರ್ಡೂ ಸಿಗಲಿಲ್ಲ. ಫೀಸ್ ಕಟ್ಟುವ ಕೊನೆಯ ದಿನ ನಮ್ಮ ಇಡೀ ಕ್ಲಾಸಿನ ಅಕೌಂಟ್ ಲಾಕ್ ಆಯಿತು. ಐಪಿ ನನ್ನದೇ. ಪ್ರಿನ್ಸಿಪಾಲರ ಕೋಣೆಯಲ್ಲಿ ಅಪ್ಪ ಕೈಕಟ್ಟಿ ನಿಂತಿದ್ದರು. ಪ್ರಿನ್ಸಿಪಾಲರು ಪೊಲೀಸರಿಗೆ ಕೊಡದೆ ಬಿಟ್ಟದ್ದು ನನ್ನ ಪುಣ್ಯ.

2000ದ ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ಓದಿ. ಒಪ್ಪಿಗೆ ಇಲ್ಲದೆ ಬೇರೆಯವರ ಸಿಸ್ಟಮ್‌ಗೆ ಕೈ ಹಾಕಿದರೆ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಕಲಿಯಲು ಹೋದೆ ಅಂದರೆ ಯಾರೂ ಕೇಳಲ್ಲ. ಸ್ಕ್ಯಾನ್ ಮಾಡಲೇಬೇಕು ಅಂತ ಕೈ ತುರಿಸಿದರೆ ಎನ್‌ಮ್ಯಾಪ್‌ನವರೇ ಅದಕ್ಕಂತ ಸ್ಕ್ಯಾನ್‌ಮಿ ಅನ್ನೋ ಸರ್ವರ್ ಬಿಟ್ಟಿದ್ದಾರೆ. ಟ್ರೈಹ್ಯಾಕ್‌ಮಿ, ಹ್ಯಾಕ್‌ದಬಾಕ್ಸ್ ಅಂತ ಅಭ್ಯಾಸದ ಸೈಟ್‌ಗಳಿವೆ. ಪಕ್ಕದ ಮನೆ ವೈಫೈ ಅಲ್ಲ.

ಕೇಳಿದವರು, ಹತ್ತು ದಿನ ಬಿಟ್ಟು

ಎಲ್ಲರಿಗೂ ಥ್ಯಾಂಕ್ಸ್. ಪೆನ್‌ಡ್ರೈವ್ ಬೀರು ಸೇರಿದೆ, ರೂಮ್‌ಮೇಟ್ ಮುನಿಸಿಕೊಂಡಿದ್ದಾನೆ. ಬಿಟ್‌ಲಾಕರ್ ಕೀ ಬರೆದಿಟ್ಟೆ ಶಿವಮೊಗ್ಗದ ಅಕ್ಕಾ, ಪುಣ್ಯಕ್ಕೆ ನನ್ನ ಅಕೌಂಟ್‌ನಲ್ಲೇ ಇತ್ತು. ಮಿಂಟ್ ಮತ್ತು ಕಾಲಿ ಎರಡೂ ವಿಎಂನಲ್ಲಿ ಹಾಕಿದೆ, ಒಂದು ಸಲಕ್ಕೆ ಒಂದೇ ಎಬ್ಬಿಸುತ್ತೇನೆ. ಆದರೆ ತುಂಬಾ ನಿಧಾನ. ವರ್ಚುವಲ್‌ಬಾಕ್ಸ್‌ನ ಕೆಳಗಿನ ಪಟ್ಟಿಯಲ್ಲಿ ಒಂದು ಹಸಿರು ಆಮೆ ಕಾಣಿಸುತ್ತಿದೆ. ಅದೇನು ತಮಾಷೆಗಾ?

ಮತ್ತೆ ಪುತ್ತೂರಿನಿಂದ

ತಮಾಷೆ ಅಲ್ಲ, ನಿಜವಾಗಿ ಆಮೆಯೇ! ವಿಎಂ ಓಡಿಸಲು ವಿಂಡೋಸ್‌ನದೇ ಇರುವ ಹೈಪರ್-ವಿ ಆನ್ ಇದೆ ಅಂತ ಲೆಕ್ಕ, ವರ್ಚುವಲ್‌ಬಾಕ್ಸ್ ಅದರ ಮೇಲೆ ಕೂತು ತೆವಳುತ್ತಿದೆ. ವಿಂಡೋಸ್ ಫೀಚರ್ಸ್‌ನಲ್ಲಿ ಹೈಪರ್-ವಿ, ವರ್ಚುವಲ್ ಮೆಷಿನ್ ಪ್ಲಾಟ್‌ಫಾರ್ಮ್ ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ. ಆಗಲೂ ಹೋಗದಿದ್ದರೆ ಮೆಮೊರಿ ಇಂಟಿಗ್ರಿಟಿ ಅದನ್ನು ಹಿಡಿದಿಟ್ಟಿರುತ್ತದೆ. ಅದು ವಿಂಡೋಸ್‌ನ ಕಾವಲು, ತಂಗಿಯೂ ಬಳಸುವ ಲ್ಯಾಪ್‌ಟಾಪ್‌ನಲ್ಲಿ ನಾನಾದರೆ ತೆಗೆಯುವುದಿಲ್ಲ. ಆಗ ವರ್ಚುವಲ್‌ಬಾಕ್ಸ್‌ನಂಥದ್ದೇ ಆದ ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ 2024ರಿಂದ ಸ್ವಂತ ಬಳಕೆಗೆ ಉಚಿತ, ಅದನ್ನು ಹಾಕಿ ನೋಡಿ.

ಕೇಳಿದವರು

ಟಿಕ್ ತೆಗೆದೆ, ಆಮೆ ಹೋಯಿತು ಸರ್. ಬ್ಯಾಂಡಿಟ್ 12ರಲ್ಲಿ ನಿಂತಿದ್ದೇನೆ. ಫೈಲ್ ಬಿಚ್ಚಿದರೆ ಒಳಗೆ ಇನ್ನೊಂದು ಗಂಟು, ಅದನ್ನು ಬಿಚ್ಚಿದರೆ ಮತ್ತೊಂದು. ಐದು ಸಲ ಆಯಿತು.

ಮತ್ತೆ ಪುತ್ತೂರಿನಿಂದ

ಬಿಚ್ಚುತ್ತಾ ಹೋಗಿ. ಪ್ರತಿ ಸಲವೂ ಫೈಲ್ ಅನ್ನುವ ಕಮಾಂಡ್ ಕೊಟ್ಟು ಅದು ಎಂಥ ಗಂಟು ಅಂತ ಮೊದಲು ಕೇಳಿ.