ಮಲಾವಿಯ ಹಳ್ಳಿ ಶಾಲೆಗೆ ನೆರವು: ಚಾರಿಟಿ ಅಂತ ನೋಂದಣಿ ಮಾಡಿಸಬೇಕೇ? ಮೊದಲು ಏನು ಕಟ್ಟಿಸಬೇಕು?

ತುಂಗೆದಡ (ಗ್ಲಾಸ್ಗೋ):

ಎಲ್ಲರಿಗೂ ನಮಸ್ಕಾರ. ಗ್ಲಾಸ್ಗೋದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೇನೆ, ಊರು ಶಿವಮೊಗ್ಗ ಕಡೆ. ನನ್ನ ವಾರ್ಡಿನಲ್ಲೇ ಕೆಲಸ ಮಾಡುವ ಗೆಳತಿ ಮಲಾವಿಯ ಫಲೋಂಬೆ ಜಿಲ್ಲೆಯವಳು. ಅವಳು ಓದಿದ ಪ್ರೈಮರಿ ಶಾಲೆಯ ಎರಡು ಕೋಣೆಗಳ ತಗಡು 2023ರ ಮಾರ್ಚಿನ ಫ್ರೆಡ್ಡಿ ಚಂಡಮಾರುತಕ್ಕೆ ಹಾರಿಹೋಗಿದೆ. ಗೋಡೆ ಮಾತ್ರ ಉಳಿದಿವೆ. ಒಂದನೇ ಕ್ಲಾಸಿನ ನೂರಕ್ಕೂ ಹೆಚ್ಚು ಮಕ್ಕಳು ಮಾವಿನ ಮರದಡಿ ಕೂರುತ್ತಾರೆ, ನಾಲ್ಕು ಹನಿ ಬಿದ್ದರೆ ಆ ದಿನದ ಪಾಠ ಮುಗಿಯಿತು. ಹೆಡ್‌ಮಾಸ್ಟರ್ ಕಳಿಸಿದ ವಿಡಿಯೋ ನೋಡಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ಇಲ್ಲಿನ ಕನ್ನಡದವರು, ವಾರ್ಡಿನವರು ಸೇರಿ ಹಣ ಕೂಡಿಸಲು ಶುರು ಮಾಡಿದ್ದೇವೆ. ಸದ್ಯಕ್ಕೆ ಅದು ನನ್ನ ಸ್ವಂತ ಖಾತೆಯಲ್ಲೇ ಇದೆ, ಅದೇ ನನಗೆ ಕಳವಳ. ಚಾರಿಟಿ ಅಂತ ನೋಂದಣಿ ಮಾಡಿಸಲೇಬೇಕಾ? ಗೆಳತಿಯ ಅಣ್ಣ ಮಲಾವಿಯ ಬ್ಲಾಂಟೈರ್ ನಗರದಲ್ಲಿದ್ದಾರೆ, ತುಂಬಾ ಒಳ್ಳೆಯವರು. ಅವರ ಖಾತೆಗೆ ಹಾಕಬಹುದಾ? ಕೆಲವರು ಹಳೇ ಬಟ್ಟೆ, ಲ್ಯಾಪ್‌ಟಾಪ್, ಕಥೆ ಪುಸ್ತಕ ತುಂಬಿ ಒಂದು ಕಂಟೇನರ್ ಕಳಿಸೋಣ ಅನ್ನುತ್ತಾರೆ. ಊರಲ್ಲಿ ಅಮ್ಮ ಮತ್ತು ಅವರ ಭಜನಾ ಮಂಡಳಿಯವರೂ ಕೊಡುತ್ತೇವೆ ಅಂತಿದ್ದಾರೆ. ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಜಮಾಖರ್ಚು (ಎಡಿನ್‌ಬರಾ):

ಮೇಡಂ, ನಾವು ಕೆಲವರು ಸೇರಿ ಮಲಾವಿಯ ಜೊಂಬಾ ಜಿಲ್ಲೆಯ ಹಳ್ಳಿ ಶಾಲೆಗಳಿಗಾಗಿ ಸಣ್ಣದೊಂದು ಚಾರಿಟಿ ನಡೆಸುತ್ತಿದ್ದೇವೆ. ಲೆಕ್ಕಪತ್ರ ನನ್ನ ಪಾಲಿನ ಕೆಲಸ. ಹಾಗಾಗಿ ಹಣದ ವಿಷಯ ಮೊದಲು.

ಸ್ಕಾಟ್ಲೆಂಡಿನಲ್ಲಿ 'ಚಾರಿಟಿ' ಅಂತ ಹೇಳಿಕೊಳ್ಳಬೇಕಾದರೆ ಒಎಸ್‌ಸಿಆರ್‌ನಲ್ಲಿ (ಇಲ್ಲಿನ ಚಾರಿಟಿಗಳ ಮೇಲ್ವಿಚಾರಣೆ ಮಾಡುವ ಸಂಸ್ಥೆ) ನೋಂದಣಿ ಆಗಿರಲೇಬೇಕು, ಆದಾಯ ನೂರು ಪೌಂಡ್ ಇರಲಿ, ಲಕ್ಷ ಇರಲಿ. ಎಸ್‌ಸಿಐಒ ಅನ್ನುವ, ಚಾರಿಟಿಗಳಿಗೆಂದೇ ಇರುವ ಸಂಸ್ಥೆಯ ರೂಪ ನಿಮಗೆ ಸರಿಹೋಗುತ್ತದೆ. ಕನಿಷ್ಠ ಮೂವರು ಟ್ರಸ್ಟಿಗಳು ಬೇಕು. ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು, ಮೊತ್ತ ಎಷ್ಟೇ ಸಣ್ಣದಿದ್ದರೂ ಹೊರಗಿನವರೊಬ್ಬರು ಅದನ್ನು ಪರಿಶೀಲಿಸಬೇಕು. ಆಮೇಲೆ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಯಲ್ಲಿ ಗಿಫ್ಟ್ ಏಡ್‌ಗೆ ಬೇರೆ ಅರ್ಜಿ ಹಾಕಿ. ಇಲ್ಲಿ ತೆರಿಗೆ ಕಟ್ಟುವವರು ಒಂದು ಪೌಂಡ್ ಕೊಟ್ಟರೆ ಸರ್ಕಾರದಿಂದ 25 ಪೆನ್ಸ್ ಸೇರುತ್ತದೆ.

ಆದರೆ ಅರ್ಜಿ ಹಾಕುವ ಮುಂಚೆ ಒಂದು ಕೆಲಸ ಮಾಡಿ. ಮಲಾವಿಗೂ ಈ ನಾಡಿಗೂ ಆಫ್ರಿಕಾ ಸುತ್ತಿದ ಸ್ಕಾಟಿಷ್ ಪಾದ್ರಿ ಡೇವಿಡ್ ಲಿವಿಂಗ್‌ಸ್ಟನ್ ಕಾಲದ ನಂಟು. ಬ್ಲಾಂಟೈರ್ ಅನ್ನುವ ಹೆಸರೇ ಅವನು ಹುಟ್ಟಿದ ಊರಿನದು, ಅದು ನಿಮ್ಮ ಗ್ಲಾಸ್ಗೋ ಪಕ್ಕದಲ್ಲೇ ಇದೆ. 2005ರಲ್ಲಿ ಎರಡೂ ಸರ್ಕಾರಗಳ ನಡುವೆ ಸಹಕಾರ ಒಪ್ಪಂದವೂ ಆಯಿತು. ಇದರಿಂದ ನಿಮಗೆ ಆಗುವ ಲಾಭ ಏನೆಂದರೆ, ಮಲಾವಿ ಶಾಲೆಗಳಿಗಾಗಿ ದುಡಿಯುವ ಸಣ್ಣಪುಟ್ಟ ಚಾರಿಟಿಗಳು ಇಲ್ಲಿ ಬೇಕಾದಷ್ಟಿವೆ. ಇಂಥವರ ಒಕ್ಕೂಟವಾದ ಸ್ಕಾಟ್ಲೆಂಡ್ ಮಲಾವಿ ಪಾರ್ಟ್ನರ್‌ಶಿಪ್‌ನವರನ್ನು ಕೇಳಿದರೆ ಯಾರು ಎಲ್ಲಿ ಕೆಲಸ ಮಾಡುತ್ತಾರೆ ಅಂತ ಹೇಳುತ್ತಾರೆ. ಫಲೋಂಬೆ ಅಥವಾ ಪಕ್ಕದ ಮುಲಾಂಜೆ ಜಿಲ್ಲೆ ಕಡೆ ಈಗಾಗಲೇ ಯಾರಾದರೂ ಇದ್ದರೆ, ನಿಮ್ಮ ಹಣವನ್ನು ಆ ಒಂದು ಶಾಲೆಗೇ ಮೀಸಲು ಅಂತ ಬರೆಸಿ ಅವರ ಮೂಲಕ ಕಳಿಸಬಹುದು. ಒಂದೇ ಚಾವಣಿಗಾಗಿ ಹೊಸ ಸಂಸ್ಥೆ ಹುಟ್ಟುಹಾಕುವ ಅಗತ್ಯ ಇಲ್ಲ. ಹತ್ತು ವರ್ಷ ಇರುತ್ತೇವೆ ಅನ್ನುವ ಮನಸ್ಸಿದ್ದರೆ ಮಾತ್ರ ನೋಂದಣಿ ಮಾಡಿಸಿ.

ಯಾರ ಸ್ವಂತ ಖಾತೆಗೂ ಹಣ ಹಾಕಬೇಡಿ. ಅಣ್ಣನವರು ಎಷ್ಟೇ ಒಳ್ಳೆಯವರಾಗಿರಲಿ, ನಾಳೆ ಊರಿನಲ್ಲಿ ಯಾರೋ ಏನೋ ಅಂದರೆ ಉತ್ತರ ಕೊಡಲು ಅವರ ಹತ್ತಿರ ಕಾಗದ ಇರುವುದಿಲ್ಲ. ಶಾಲೆಯ ಹೆಸರಿನ ಬ್ಯಾಂಕ್ ಖಾತೆಗೆ ಹೋಗಲಿ, ಇಬ್ಬರ ಸಹಿ ಇರಲಿ. ಅಲ್ಲಿ ಪ್ರತಿ ಶಾಲೆಗೂ ಆಡಳಿತ ಸಮಿತಿ ಇರುತ್ತದೆ, ನಮ್ಮ ಎಸ್‌ಡಿಎಂಸಿ ಇದ್ದಂತೆಯೇ. ಇನ್ನೊಂದು, ಬ್ಯಾಂಕಿನ ದರಕ್ಕಿಂತ ಹೊರಗಿನ ದರದಲ್ಲಿ ಜಾಸ್ತಿ ಕ್ವಾಚಾ (ಮಲಾವಿಯ ಹಣ) ಸಿಗುತ್ತದೆ ಅಂತ ಯಾರಾದರೂ ಆಸೆ ತೋರಿಸಿದರೆ ಒಪ್ಪಬೇಡಿ. ದಾಖಲೆ ಇಲ್ಲದ ಹಣಕ್ಕೆ ಒಎಸ್‌ಸಿಆರ್ ಮುಂದೆ ಲೆಕ್ಕ ತೋರಿಸಲಾಗದು. 2023ರ ನವೆಂಬರಿನಲ್ಲಿ ಒಂದು ಡಾಲರಿಗೆ ಸುಮಾರು 1,180 ಇದ್ದ ಕ್ವಾಚಾದ ಬೆಲೆಯನ್ನು ಒಂದೇ ದಿನದಲ್ಲಿ ಡಾಲರಿಗೆ 1,700 ಆಗುವಂತೆ ಇಳಿಸಿದರು. ಅಂಥ ಕಡೆ ಹಣ ಖಾತೆಯಲ್ಲಿ ಕೂರಬಾರದು. ಕೊಟೇಶನ್ ಬಂದ ಕೂಡಲೇ ಕಳಿಸಿ, ಸಿಮೆಂಟು ತಗಡು ಎಲ್ಲ ಒಟ್ಟಿಗೇ ಕೊಳ್ಳಲಿ.

ಕಂಟೇನರ್ ವಿಷಯ ಬಿಟ್ಟುಬಿಡಿ. ಮಲಾವಿಗೆ ಸಮುದ್ರವೇ ಇಲ್ಲ. ಬೈರಾ, ನಕಾಲಾ ಅಥವಾ ದಾರ್ ಎಸ್ ಸಲಾಮ್ ಬಂದರಿನಲ್ಲಿಳಿದು ಲಾರಿಯಲ್ಲಿ ಗಡಿ ದಾಟಬೇಕು, ಮೇಲೆ ಕಸ್ಟಮ್ಸ್. ಆ ಖರ್ಚಿನಲ್ಲಿ ಫಲೋಂಬೆಯ ದರ್ಜಿಗಳೇ ಸಮವಸ್ತ್ರ ಹೊಲಿದುಕೊಡುತ್ತಾರೆ, ಹಣವೂ ಊರಲ್ಲೇ ಉಳಿಯುತ್ತದೆ. ಲ್ಯಾಪ್‌ಟಾಪ್ ಅನ್ನುವವರಿಗೆ ಶಾಲೆಯಲ್ಲಿ ಕರೆಂಟು ಇದೆಯಾ ಅಂತ ಕೇಳಿ ನೋಡಿ. ಸಣ್ಣ ತರಗತಿಯವರು ಓದು ಕಲಿಯುವುದು ಅಲ್ಲಿನ ಚಿಚೇವಾ ಭಾಷೆಯಲ್ಲಿ. ಪಠ್ಯಪುಸ್ತಕ ತಯಾರಾಗುವುದು ಜೊಂಬಾದ ದೊಮಾಸಿಯಲ್ಲಿರುವ ಮಲಾವಿ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಶನ್‌ನಲ್ಲಿ. ಪುಸ್ತಕ ಕೊಡುವುದಾದರೆ ಅವನ್ನೇ ಕೊಡಿ.

ಈಗ ಚಾವಣಿ. ಗೋಡೆ ನಿಂತಿದೆ ಅಂದಿರಿ, ಅದೇ ಗೋಡೆ ಮೇಲೆ ತಗಡು ಹೊದಿಸುವ ಮೊದಲು ಜಿಲ್ಲಾ ಶಿಕ್ಷಣ ಕಚೇರಿಯ ಮೂಲಕ ಕಟ್ಟಡ ಬಲ್ಲವರೊಬ್ಬರು ಬಂದು ನೋಡಲಿ. ಹಳ್ಳಿ ಕಡೆ ಎಷ್ಟೋ ಗೋಡೆಗಳು ಮಣ್ಣಿನ ಗಾರೆಯವು, ಮೇಲೆ ಕಾಂಕ್ರೀಟ್ ಪಟ್ಟಿ ಇರುವುದಿಲ್ಲ. ಮರದ ತೊಲೆಯನ್ನು ಗೋಡೆಯೊಳಗಿಂದ ಕಬ್ಬಿಣದ ಪಟ್ಟಿಯಲ್ಲಿ ಬಿಗಿಯದೆ ಬರೀ ಮೇಲೆ ಕೂರಿಸಿದ್ದರೆ ಮುಂದಿನ ಗಾಳಿಗೂ ಹಾರುತ್ತದೆ. ತಗಡಿನ ಗೇಜು ನೋಡಿ ತಗೊಳ್ಳಲಿ: 32 ಗೇಜು ತೆಳು, ಅಗ್ಗ; 28 ದಪ್ಪ. ಸಂಖ್ಯೆ ದೊಡ್ಡದಾದಷ್ಟು ತಗಡು ತೆಳು ಅನ್ನುವುದು ಇಲ್ಲಿ ಕೂತು ಬಿಲ್ಲು ನೋಡುವವರಿಗೆ ಗೊತ್ತಾಗುವುದಿಲ್ಲ. ಬಿಲ್ಲಿನ ಜೊತೆಗೆ ತಗಡಿನ ಮೇಲಿರುವ ಅಚ್ಚಿನ ಫೋಟೋ ಕೂಡ ತರಿಸಿಕೊಳ್ಳಿ. ನಾನಂತೂ ಆ ಫೋಟೋ ಬರುವ ತನಕ ಮುಂದಿನ ಕಂತು ಬಿಡುವುದಿಲ್ಲ.

ಊರಿನವರ ಪಾಲು ಇರಲೇಬೇಕು. ಮರಳು, ನೀರು, ಇಟ್ಟಿಗೆ ಅವರೇ ಕೊಡುವುದು ಅಲ್ಲಿನ ರೂಢಿ. ಇಟ್ಟಿಗೆ ಸುಡಲು ಸೌದೆ ರಾಶಿ ಬೇಕು, ಮುಲಾಂಜೆ ಸುತ್ತ ಈಗಾಗಲೇ ಕಾಡು ಬೋಳಾಗಿದೆ. ಹೊಸ ಗೋಡೆ ಎಬ್ಬಿಸುವುದಿದ್ದರೆ ಸಿಮೆಂಟು ಬೆರೆಸಿ ಒತ್ತುವ, ಸುಡದ ಮಣ್ಣಿನ ಇಟ್ಟಿಗೆಯೇ ಆಗಲಿ ಅಂತ ಕೇಳಿಕೊಳ್ಳಿ. ಕೆಲಸಕ್ಕೆ ಕಾಲ ಅಂದರೆ ಮೇ ತಿಂಗಳಿಂದ ಅಕ್ಟೋಬರ್. ಜನವರಿಯಿಂದ ಮಾರ್ಚ್ ತನಕ ಕೈ ಹಾಕಬೇಡಿ, ಆಗ ಮಳೆಯೂ ಜೋರು, ಮನೆಗಳ ಕಣಜವೂ ಖಾಲಿ. ಹಸಿದ ಜನರನ್ನು ಮರಳು ಹೊರಲು ಕರೆಯುವುದು ಸರಿಯಲ್ಲ.

ಹುಬ್ಬಳ್ಳಿ ಇಂಜಿನಿಯರ್:

ಮೇಲಿನವರು ಹೇಳಿದ್ದು ಖರೆ ಅದ. ನಾನು ಆ ಕಡೆ ಕುಡಿಯುವ ನೀರಿನ ಕೆಲಸದಲ್ಲಿದ್ದೆ, ಅದಕ್ಕೆ ಒಂದೇ ಮಾತು ಸೇರಿಸುತ್ತೇನೆ. ಶಾಲೆಯ ಕೈಪಂಪು ನಡೀತದೋ ಇಲ್ಲೋ ಮೊದಲು ಕೇಳ್ರಿ. ಅಲ್ಲಿ ಹೆಚ್ಚಾಗಿ ಇರೋದು ಆಫ್ರಿಡೆವ್ ಪಂಪು. ಊರಿನವರೇ ಒಂದು ಸ್ಪ್ಯಾನರ್ ಹಿಡಿದು ಬಿಚ್ಚಿ ರಿಪೇರಿ ಮಾಡಲಿ ಅಂತಲೇ ಮಾಡಿದ್ದು. ಸವೆಯೋದು ಒಳಗಿನ ರಬ್ಬರ್ ಸೀಲು, ಮೇಲಿನ ಬುಷ್. ಪೈಸೆ ಲೆಕ್ಕದ ಸಾಮಾನು, ಆದರ ಅದು ಸಿಗಲಿಲ್ಲ ಅಂತ ಪಂಪು ತಿಂಗಳುಗಟ್ಟಲೆ ನಿಂತುಬಿಡ್ತದ, ಹೆಣ್ಣುಮಕ್ಕಳು ಕ್ಲಾಸು ಬಿಟ್ಟು ದೂರದಿಂದ ನೀರು ಹೊರ್ತಾರ. ಹೊಸ ಬೋರು ಕೊರೆಸೋ ಮೊದಲು ಹಳೇ ಪಂಪಿಗೆ ಸೀಲು ಹಾಕಿಸಿ, ಇಬ್ಬರು ಹೆಣ್ಣುಮಕ್ಕಳಿಗೆ ಆ ಕೆಲಸ ಕಲಿಸ್ರಿ.

ಅಮ್ಮನವರ ಹಣದ ಬಗ್ಗೆ: ಭಾರತದ ಟ್ರಸ್ಟು ಹೊರದೇಶದಲ್ಲಿ ಖರ್ಚು ಮಾಡೋದು ಸಲೀಸಲ್ಲ, ತೆರಿಗೆ ವಿನಾಯಿತಿಯ ತೊಡಕಿನ ಜೊತಿಗೆ ಅನುಮತಿ ಬ್ಯಾರೆ ಬೇಕು. ಒಬ್ಬೊಬ್ಬರೇ ಬ್ಯಾಂಕಿನಿಂದ ಎಲ್‌ಆರ್‌ಎಸ್ (ಹೊರದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಯೋಜನೆ) ಅಡಿಯಲ್ಲಿ ದಾನ ಅಂತ ಕಾರಣ ಬರೆದು ಕಳಿಸಬಹುದು. ಅದಕ್ಕ ದಾನದ ಮೇಲಿನ ತೆರಿಗೆ ರಿಯಾಯಿತಿ (80ಜಿ) ಸಿಗೂದಿಲ್ಲ.

ತುಂಗೆದಡ:

ಇಬ್ಬರಿಗೂ ತುಂಬಾ ಧನ್ಯವಾದ. ಗೆಳತಿಯ ಹತ್ತಿರ ಖಾತೆ ವಿಷಯ ಮಾತಾಡಿದೆ. ಅಣ್ಣನ ಹೆಸರು ಬೇಡ ಅಂದಿದ್ದಕ್ಕೆ ಬೇಜಾರಾಗುತ್ತಾಳೇನೋ ಅಂದುಕೊಂಡಿದ್ದೆ, ಅವಳು ನಿರಾಳವಾಗಿ ಉಸಿರು ಬಿಟ್ಟು "ಅವನಿಗೂ ಅದೇ ಬೇಕಿತ್ತು" ಅಂದಳು. ಪಂಪು ಕೆಟ್ಟಿದೆಯಂತೆ, ಕೇಳಿದ್ದು ಒಳ್ಳೆಯದಾಯಿತು.

ಇನ್ನೊಂದು ಪ್ರಶ್ನೆ. ಚಾವಣಿ ಆದಮೇಲೆ ಹಣ ಉಳಿದರೆ ಹೊಸ ಕೋಣೆ ಕಟ್ಟಿಸೋಣವಾ, ಇಲ್ಲಾ ಊರಿನ ಇಬ್ಬರು ಹುಡುಗರಿಗೆ ಸಂಬಳ ಕೊಟ್ಟು ಮೇಷ್ಟ್ರಾಗಿ ಇಟ್ಟುಕೊಳ್ಳೋಣವಾ?

ಜಮಾಖರ್ಚು:

ನನ್ನ ಕೇಳಿದರೆ ಎರಡೂ ಅಲ್ಲ, ಮೇಷ್ಟ್ರ ಮನೆ. ಮಲಾವಿಯಲ್ಲಿ 1994ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕ ತೆಗೆದಾಗ ಮಕ್ಕಳ ಸಂಖ್ಯೆ ಸುಮಾರು 19 ಲಕ್ಷದಿಂದ 30 ಲಕ್ಷದ ಆಸುಪಾಸಿಗೆ ಏರಿತು, ಅಷ್ಟೇ ವೇಗದಲ್ಲಿ ಮೇಷ್ಟ್ರುಗಳು ಸಿಗಲಿಲ್ಲ. ಒಬ್ಬ ಶಿಕ್ಷಕರಿಗೆ 60 ಮಕ್ಕಳು ಅನ್ನುವುದು ಸರ್ಕಾರ ಇಟ್ಟುಕೊಂಡ ಗುರಿ. ಅದೂ ಹಳ್ಳಿಯಲ್ಲಿ ದಕ್ಕುವುದಿಲ್ಲ, ಯಾಕೆಂದರೆ ನೇಮಕವಾಗಿ ಬಂದವರಿಗೆ ಇರಲು ಮನೆ ಇಲ್ಲ. ಪೇಟೆಯಲ್ಲಿ ಬಾಡಿಗೆಗಿದ್ದು ಕೆಸರು ರಸ್ತೆಯಲ್ಲಿ ಸೈಕಲ್ ತುಳಿದು ಬರುತ್ತಾರೆ, ಸ್ವಲ್ಪ ದಿನಕ್ಕೆ ವರ್ಗ ಮಾಡಿಸಿಕೊಳ್ಳುತ್ತಾರೆ. ಟೀಚರಮ್ಮಂದಿರಂತೂ ಬರುವುದೇ ಇಲ್ಲ. ಗಟ್ಟಿ ಬಾಗಿಲು, ಒಂದು ಸೋಲಾರ್ ದೀಪ ಇರುವ ಮನೆ ಕಟ್ಟಿಕೊಟ್ಟರೆ ಸರ್ಕಾರವೇ ಸಂಬಳ ಕೊಡುವ, ತರಬೇತಿ ಆದ ಶಿಕ್ಷಕಿ ನಿಮ್ಮ ಶಾಲೆಯಲ್ಲಿ ನಿಲ್ಲುತ್ತಾಳೆ. ನೀವೇ ಸಂಬಳ ಕೊಟ್ಟರೆ, ನಿಮ್ಮ ಹಣ ನಿಂತ ತಿಂಗಳು ಆ ಕ್ಲಾಸೂ ನಿಲ್ಲುತ್ತದೆ. ಯಾವ ಟೀಚರು ಬರುತ್ತಾರೆ ಅನ್ನುವುದು ಮಾತ್ರ ಜಿಲ್ಲಾ ಕಚೇರಿಯ ಕೈಯಲ್ಲಿದೆ, ಕಟ್ಟುವ ಮುಂಚೆಯೇ ಅವರಿಂದ ಒಪ್ಪಿಗೆ ಬರಹದಲ್ಲಿ ತಗೊಳ್ಳಿ.

ಇದನ್ನೂ ನೀವು ತೀರ್ಮಾನಿಸಬೇಡಿ. ಸಮಿತಿಯ ಮುಂದಿಡಿ, ಆ ಸಭೆಗೆ ತಾಯಂದಿರ ಗುಂಪಿನವರನ್ನೂ ಕರೆಸಿ. ಶಾಲೆ ಬಿಟ್ಟ ಹುಡುಗಿಯರ ಮನೆಗೆ ಹೋಗಿ ವಾಪಸ್ ಕರೆತರುವವರು ಅವರೇ. ಹುಡುಗಿಯರಿಗೆ ಬಾಗಿಲಿರುವ ಶೌಚಾಲಯ ಮೊದಲಾಗಲಿ ಅಂತ ಅವರೆಂದರೆ ಅದೇ ಮೊದಲಾಗಲಿ.

ಮಕ್ಕಳ ಫೋಟೋ ಹಾಕುವಾಗ ಹೆಸರು, ಊರು ಜೊತೆಗೆ ಹಾಕಬೇಡಿ. ನೋಂದಣಿ ಮಾಡಿಸುವುದೇ ಅಂತಾದರೆ ಅರ್ಜಿ ಈಗಲೇ ಹೋಗಲಿ, ಉತ್ತರ ಬರಲು ಕೆಲವು ತಿಂಗಳು ಹಿಡಿಯುತ್ತದೆ. ಮೇ ತಿಂಗಳಲ್ಲಿ ಅಲ್ಲಿ ಕೆಲಸ ಶುರುವಾಗಬೇಕು. ನಿಯಮಾವಳಿಯ ಕರಡು ಬರೆದ ಮೇಲೆ ಇಲ್ಲೇ ಮೆಸೇಜ್ ಹಾಕಿ, ನಾನು ನೋಡಿಕೊಡುತ್ತೇನೆ.