ಪಕ್ಕದ ಮನೆಯ ಗಾಂಜಾ ಹೊಗೆ: ಅಮಲಿನ ಪ್ರಶ್ನೆ ಆಮೇಲೆ, ಮೊದಲು ಹೃದಯ

ಪಕ್ಕದ ಫ್ಲ್ಯಾಟಿನಿಂದ ಗಾಂಜಾ ವಾಸನೆ ಬರುತ್ತೆ, ಮಕ್ಕಳಿಗೆ ಅಮಲು ಏರುತ್ತಾ ಅಂತ ವಿದೇಶದಲ್ಲಿರುವ ನಮ್ಮ ಕನ್ನಡಿಗರ ಗುಂಪಿನಲ್ಲಿ ಒಬ್ಬರು ಕೇಳಿದ್ದಾರೆ. ಬಂದ ಉತ್ತರಗಳೆಲ್ಲ ಹೆಚ್ಚುಕಮ್ಮಿ ಒಂದೇ ಧಾಟಿಯವು: ಇಲ್ಲಿ ಕಾನೂನು ಒಪ್ಪಿದೆ, ಸಿಗರೇಟಿನಷ್ಟು ಕೆಟ್ಟದ್ದೇನಲ್ಲ, ಗಿಡದ್ದು ತಾನೇ. ಹೊಗೆಸೊಪ್ಪೂ ಗಿಡದ್ದೇ ಅಲ್ವಾ?

ಅಮಲಿನ ಮಾತು ಮುಗಿಸಿಬಿಡೋಣ. 2015ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಗಾಂಜಾ ಸೇದುವವರನ್ನೂ ಸೇದದವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ನೋಡಿದರು. ಫ್ಯಾನ್ ಹಾಕಿ ಗಾಳಿ ಆಡಲು ಬಿಟ್ಟಾಗ ಸೇದದವರಿಗೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಗಾಳಿಯಾಡದಂತೆ ಮಾಡಿದಾಗ ಅವರ ರಕ್ತದಲ್ಲೂ ಗಾಂಜಾದ ಅಮಲಿನ ಅಂಶವಾದ ಟಿಎಚ್‌ಸಿ ಸಿಕ್ಕಿತು, ಎದೆಬಡಿತ ಸ್ವಲ್ಪ ಏರಿತು, ಮಂಪರು ಬಂತು. ಗೋಡೆಯಾಚೆಯಿಂದ ಬರುವ ವಾಸನೆ ಅಷ್ಟು ದಟ್ಟ ಇರುವುದಿಲ್ಲ. ಹಾಗಾಗಿ ಮಕ್ಕಳು ತೂರಾಡುತ್ತಾರೆ ಅನ್ನೋ ಭಯ ಬೇಡ.

ಯೋಚಿಸಬೇಕಾದದ್ದು ಬೇರೆ ಇದೆ. ನಮ್ಮ ರಕ್ತನಾಳದ ಒಳಗೋಡೆಗೆ ಒಂದು ತೆಳುವಾದ ಪದರ ಇದೆ. ರಕ್ತ ಜಾಸ್ತಿ ಹರಿದಾಗ ಅದು ನೈಟ್ರಿಕ್ ಆಕ್ಸೈಡ್ ಬಿಡುತ್ತೆ, ನಾಳ ಹಿಗ್ಗುತ್ತೆ. ಮೆಟ್ಟಿಲು ಹತ್ತುವಾಗ, ಓಡುವಾಗ ನಡೆಯುವುದು ಇದೇ. ಇದನ್ನು ಅಳೆಯುವುದೂ ಸುಲಭ. ತೋಳಿಗೆ ಬಿಪಿ ಪಟ್ಟಿ ಬಿಗಿದು ಐದು ನಿಮಿಷ ರಕ್ತ ತಡೆದು, ತಟ್ಟನೆ ಬಿಡುತ್ತಾರೆ. ಆಗ ನಾಳ ಎಷ್ಟು ಹಿಗ್ಗಿತು ಅಂತ ಅಲ್ಟ್ರಾಸೌಂಡಿನಲ್ಲಿ ನೋಡುತ್ತಾರೆ. ಹಿಗ್ಗದಿದ್ದರೆ ಒಳಪದರಕ್ಕೆ ಏನೋ ತೊಂದರೆ ಇದೆ ಅಂತ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೋ ಕೇಂದ್ರದಲ್ಲಿ ಮ್ಯಾಥ್ಯೂ ಸ್ಪ್ರಿಂಗರ್ ತಂಡ ಇಂಥದ್ದೇ ಪರೀಕ್ಷೆಯನ್ನು ಇಲಿಗಳ ಮೇಲೆ ಮಾಡಿತು. 2016ರಲ್ಲಿ ಪ್ರಕಟವಾಯಿತು. ಗಾಂಜಾ ಹೊಗೆ ಕುಡಿಸಿದ್ದು ಒಂದೇ ಒಂದು ನಿಮಿಷ. ಒಂದೂವರೆ ಗಂಟೆ ಕಳೆದರೂ ನಾಳ ಮೊದಲಿನ ಹಾಗೆ ಹಿಗ್ಗಲಿಲ್ಲ. ಸಿಗರೇಟಿನ ಹೊಗೆ ಕುಡಿದ ಇಲಿಗಳು ಅರ್ಧ ಗಂಟೆಯಲ್ಲಿ ಸುಧಾರಿಸಿಕೊಂಡಿದ್ದವು. ಟಿಎಚ್‌ಸಿ ತೆಗೆದುಹಾಕಿದ ಗಾಂಜಾ ಸುಟ್ಟಾಗಲೂ ಇದೇ ಫಲಿತಾಂಶ. ಸುತ್ತುವ ಕಾಗದ ಇಲ್ಲದೆ ಸುಟ್ಟರೂ ಅಷ್ಟೇ. ಅಂದರೆ ಇಲ್ಲಿ ಕೆಲಸ ಕೆಡಿಸಿದ್ದು ಅಮಲಿನ ಅಂಶವಲ್ಲ, ಹೊಗೆ. ಇಲಿಯ ಲೆಕ್ಕವನ್ನು ಸೀದಾ ಮನುಷ್ಯರಿಗೆ ಹಾಕೋದು ಸರಿಯಲ್ಲ, ಒಪ್ಪುತ್ತೇನೆ. ಆದರೆ ಯಾವ ಸೊಪ್ಪು ಸುಟ್ಟರೂ ಸಣ್ಣ ಕಣಗಳು, ಕಾರ್ಬನ್ ಮೊನಾಕ್ಸೈಡ್ ಬಂದೇ ಬರುತ್ತವೆ. ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಕೂರುತ್ತೆ.

ಸೇದುವವರಿಗಂತೂ ಇದರ ಮೇಲೆ ಟಿಎಚ್‌ಸಿಯ ಹೊಡೆತವೂ ಸೇರುತ್ತೆ. ಸೇದಿದ ಕೆಲವೇ ನಿಮಿಷಗಳಲ್ಲಿ ಎದೆಬಡಿತ ಏರುತ್ತೆ. ಹೃದಯಕ್ಕೆ ಹೆಚ್ಚು ಆಮ್ಲಜನಕ ಬೇಕಾದ ಹೊತ್ತಿನಲ್ಲೇ ಸಿಗುವುದು ಕಮ್ಮಿಯಾಗುತ್ತೆ. 1974ರಷ್ಟು ಹಿಂದೆಯೇ ಎದೆನೋವಿನ ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದ್ದರು. ಒಂದು ಗಾಂಜಾ ಸಿಗರೇಟು ಸೇದಿದ ಮೇಲೆ, ನೋವು ಬರುವ ತನಕ ಅವರು ವ್ಯಾಯಾಮ ಮಾಡಬಲ್ಲ ಸಮಯ ಸುಮಾರು ಅರ್ಧಕ್ಕೆ ಇಳಿಯಿತು. 2001ರ ಇನ್ನೊಂದು ಅಧ್ಯಯನದಲ್ಲಿ, ಸೇದಿದ ಮೊದಲ ಒಂದು ಗಂಟೆಯಲ್ಲಿ ಹೃದಯಾಘಾತದ ಸಂಭವ 4.8 ಪಟ್ಟು ಅಂತ ಬಂತು. ಆರೋಗ್ಯವಾಗಿರುವ ಹುಡುಗರಲ್ಲಿ ಆ ಸಂಭವ ಮೂಲದಲ್ಲೇ ತೀರಾ ಕಮ್ಮಿ, ಅದನ್ನೂ ನೆನಪಿಡಿ. 2024ರಲ್ಲಿ ಬಂದದ್ದು ದೊಡ್ಡದು. ಅಮೆರಿಕದ 4.3 ಲಕ್ಷ ವಯಸ್ಕರ ಸಮೀಕ್ಷೆ. ದಿನಾ ಗಾಂಜಾ ಬಳಸುವವರಲ್ಲಿ ಹೃದಯಾಘಾತದ ಸಾಧ್ಯತೆ ಶೇ 25, ಸ್ಟ್ರೋಕಿನದು ಶೇ 42 ಜಾಸ್ತಿ ಕಂಡಿತು. ಜನರ ಬಾಯಿಮಾತಿನ ಸಮೀಕ್ಷೆ ಅದು, ಗಾಂಜಾದಿಂದಲೇ ಆಯಿತು ಅಂತ ಸಾಬೀತಾಗಲ್ಲ. ಆದರೂ ಅಷ್ಟು ಜನರಲ್ಲಿ ಕಂಡದ್ದನ್ನು ಸುಮ್ನೆ ತಳ್ಳಿಹಾಕಲೂ ಆಗಲ್ಲ.

"ಸೇದಲ್ಲ, ಗಮ್ಮಿ (ಗಾಂಜಾದ ಅಂಶ ಸೇರಿಸಿದ ಮಿಠಾಯಿ) ತಿನ್ನೋದು" ಅನ್ನುವವರಿಗೆ: 2025ರಲ್ಲಿ ಇದೇ ಸ್ಯಾನ್ ಫ್ರಾನ್ಸಿಸ್ಕೋದವರು ನೋಡಿದಾಗ ತಿನ್ನುವವರ ರಕ್ತನಾಳಗಳೂ ಬಳಸದವರಿಗಿಂತ ಕಮ್ಮಿ ಹಿಗ್ಗಿದವು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಗಮ್ಮಿ ಬೀಗದೊಳಗಿರಲಿ. ಅದಕ್ಕೂ ಮಿಠಾಯಿಗೂ ಅವರಿಗೆ ವ್ಯತ್ಯಾಸ ಗೊತ್ತಾಗಲ್ಲ.

ಈಗ ಪಕ್ಕದ ಮನೆ ಹೊಗೆ. ಊದುಬತ್ತಿ ಹಚ್ಚಬೇಡಿ, ಅದು ಇನ್ನೊಂದು ಹೊಗೆ, ಅಷ್ಟೆ. ಏರ್ ಪ್ಯೂರಿಫೈಯರಿನ ಹೆಪಾ ಫಿಲ್ಟರ್ ಕಣಗಳನ್ನು ಹಿಡಿಯುತ್ತೆ, ಕಾರ್ಬನ್ ಮೊನಾಕ್ಸೈಡನ್ನು ಹಿಡಿಯಲ್ಲ. ಬಾಗಿಲಿನ ಕೆಳಗಿನ ಸಂದು, ಪೈಪು ಹಾದುಬರುವ ತೂತುಗಳನ್ನು ಮುಚ್ಚಿಸಿ. ಹೊಗೆ ಇಲ್ಲದ ಕಡೆಯ ಕಿಟಕಿ ತೆಗೆದಿಡಿ. ಕಟ್ಟಡ ನೋಡಿಕೊಳ್ಳುವವರಿಗೆ ಬರೆಯುವಾಗ "ಡ್ರಗ್ಸ್" ಅಂತ ಶುರುಮಾಡಿದರೆ ವಾದ ಕಾನೂನಿನ ಕಡೆ ಹೊರಳುತ್ತೆ. "ಮನೆಯೊಳಗೆ ಹೊಗೆ ಬರುತ್ತಿದೆ" ಅಂತ ದಿನ, ಸಮಯ ಹಾಕಿ ಬರೆಯಿರಿ. ಬಾಡಿಗೆ ಕರಾರಿನಲ್ಲಿ ಹೊಗೆಯ ನಿಯಮ ಇದೆಯಾ ಅಂತಲೂ ನೋಡಿ.

ಸ್ಟೆಂಟ್ ಹಾಕಿಸಿಕೊಂಡ ಅಪ್ಪ ಅಮ್ಮ ಊರಿನಿಂದ ಆರು ತಿಂಗಳಿಗೆಂದು ಬಂದಿದ್ದರೆ, ನನ್ನ ಕೇಳಿದರೆ ಮಕ್ಕಳಿಗಿಂತ ಮೊದಲು ಅವರ ಕೋಣೆಯನ್ನು ಆ ಗೋಡೆಯಿಂದ ದೂರ ಮಾಡಿ. ದಿನವಿಡೀ ಮನೆಯಲ್ಲೇ ಇರುವವರು ಅವರು.

ಇನ್ನು ಹೈಸ್ಕೂಲು, ಕಾಲೇಜಿನ ಮಕ್ಕಳು. ನಾವು ಯಾರೂ ಇಲ್ಲಿ ಬಾಯಿಬಿಟ್ಟು ಹೇಳಲ್ಲ, ಆದರೆ ನಮ್ಮ ಮಕ್ಕಳೂ ಪಾರ್ಟಿಗಳಿಗೆ ಹೋಗುತ್ತಾರೆ. ಮಗನೋ ಮಗಳೋ ಎದೆ ಡವಗುಟ್ಟುತ್ತಿದೆ, ಎದೆನೋವು ಅಂದರೆ ಮೊದಲು ಆಸ್ಪತ್ರೆ, ವಿಚಾರಣೆ ಆಮೇಲೆ. ಏನು ಸೇದಿದರು, ಯಾವಾಗ ಅನ್ನೋದು ಡಾಕ್ಟರಿಗೆ ಗೊತ್ತಾಗಲೇಬೇಕು. ಅದನ್ನು ಅಪ್ಪ ಅಮ್ಮನ ಎದುರು ಅವರು ಹೇಳಲ್ಲ. ಡಾಕ್ಟರ್ ನಿಮ್ಮನ್ನು ಸ್ವಲ್ಪ ಹೊರಗಿರಿ ಅಂದರೆ, ಯಾಕೆ ಅಂತ ಕೇಳದೆ ಎದ್ದು ಹೋಗಿ.