ಕಾರಿನ ಹಿಂದೆ ಕಟ್ಟಿ ಎಳೆಯುವ ಹಳೇ ಕ್ಯಾರವಾನ್ (ಚಕ್ರದ ಮನೆ) ಕೊಟ್ಟು ಬೇರೆ ತಗೋಬೇಕು. ಬಂಕ್ ಬೆಡ್ಡಾ (ಒಂದರ ಮೇಲೊಂದು), ಐಲ್ಯಾಂಡ್ ಬೆಡ್ಡಾ (ಮೂರು ಕಡೆಯಿಂದ ಹತ್ತಬಹುದಾದ ದೊಡ್ಡ ಹಾಸಿಗೆ)? ಅನುಭವ ಹೇಳಿ

ರೆಡಿಂಗ್ ಹಾಸನ:
ನಮ್ಮದು 2012ರ ನಾಲ್ಕು ಬರ್ತ್ ಕ್ಯಾರವಾನ್. ಮುಂದೆ ಲೌಂಜ್, ಪಕ್ಕದಲ್ಲಿ ಡೈನೆಟ್ (ಊಟದ ಮೇಜು, ಸೀಟು), ಹಿಂದೆ ವಾಶ್‌ರೂಮ್. ದಿನಾ ರಾತ್ರಿ ಸೀಟು ಎಳೆದು ಹಾಸಿಗೆ ಮಾಡಿ, ಬೆಳಿಗ್ಗೆ ಮತ್ತೆ ಮಡಚಿ ಸಾಕಾಗಿದೆ. ಮಕ್ಕಳಿಗೆ 9 ಮತ್ತು 6 ವರ್ಷ. ಜೂನ್‌ನಲ್ಲಿ ಊರಿಂದ ಅಪ್ಪ ಅಮ್ಮ ಬರುತ್ತಾರೆ, ಅವರನ್ನೂ ಒಂದು ವಾರ ಕಾರ್ನ್‌ವಾಲ್‌ಗೆ ಕರೆದುಕೊಂಡು ಹೋಗಬೇಕು. ಡೀಲರ್ ಪಾರ್ಟ್ ಎಕ್ಸ್‌ಚೇಂಜ್‌ಗೆ (ಹಳೆಯದನ್ನು ಕೊಟ್ಟು ಹೊಸದರ ಬೆಲೆಯಲ್ಲಿ ಕಳೆಯುವುದಕ್ಕೆ) 5,200 ಪೌಂಡ್ ಹೇಳುತ್ತಿದ್ದಾರೆ. ಕಾರಿನ ಕರ್ಬ್ ವೇಟ್ (ಖಾಲಿ ಕಾರಿನ ತೂಕ) 1,750 ಕೆಜಿ. ಯಾವ ಲೇಔಟ್ ಒಳ್ಳೆಯದು?

ಲೀಡ್ಸ್ ದಾವಣಗೆರೆ:
ಐಲ್ಯಾಂಡ್ ಬೆಡ್ ತಗೊಂಡು ನಾನು ಕಳೆದುಕೊಂಡ ದುಡ್ಡು ಕೇಳಿ. ಬರ್ಮಿಂಗ್‌ಹ್ಯಾಮ್ ಎನ್‌ಇಸಿ ಶೋನಲ್ಲಿ ನೋಡಿ ಮನಸೋತೆವು. ಮಧ್ಯದಲ್ಲಿ ಅಡ್ಡ ಹಾಸಿಗೆ, ಅದರ ಹಿಂದೆ ಅಗಲಕ್ಕೆ ಪೂರ್ತಿ ವಾಶ್‌ರೂಮ್. ಶೋನಲ್ಲಿ ಆ ಹಾಸಿಗೆಯನ್ನು ಒಳಗೆ ತಳ್ಳಿಟ್ಟಿರುತ್ತಾರೆ. ರಾತ್ರಿ ಪೂರ್ತಿ ಎಳೆದರೆ ಕಾಲಿನ ಕಡೆ ಉಳಿಯುವುದು ಒಂದು ಗೇಣು. ಮುಂದಿನ ಲೌಂಜ್‌ನಲ್ಲಿ ಮಲಗಿದ ಮಾವ ಟಾಯ್ಲೆಟ್‌ಗೆ ಹೋಗಬೇಕಾದರೆ ನಮ್ಮ ಕಾಲು ದಾಟಿಯೇ ಹೋಗಬೇಕು. ಅವರಿಗೆ ಶುಗರ್ ಇದೆ, ರಾತ್ರಿಗೆ ಮೂರು ಸಲ ಏಳುತ್ತಾರೆ. ಮಗಳ ಹಾಸಿಗೆ ಪಕ್ಕ ನುಸುಳಿ ಹೋಗಬೇಕಲ್ಲ ಅನ್ನುವ ಸಂಕೋಚಕ್ಕೆ ಸಂಜೆ ಆರರ ಮೇಲೆ ನೀರು ಕುಡಿಯುವುದನ್ನೇ ಬಿಟ್ಟರು. ಅದು ಗೊತ್ತಾದ ದಿನ ನನ್ನ ಹೆಂಡತಿ ಅತ್ತಳು.

21,495 ಕೊಟ್ಟಿದ್ದೆ. 14 ತಿಂಗಳಾದ ಮೇಲೆ ಪಾರ್ಟ್ ಎಕ್ಸ್‌ಚೇಂಜ್‌ಗೆ ಸಿಕ್ಕಿದ್ದು 16,000. ಮೂವರ್ (ಕಾರಿಲ್ಲದೆ ಕ್ಯಾರವಾನ್ ಸರಿಸುವ ಮೋಟರ್) ಬಿಚ್ಚಿ ಹೊಸದಕ್ಕೆ ಹಾಕಲು 450. ಈಗಿನದರಲ್ಲಿ ವಾಶ್‌ರೂಮ್ ಮಧ್ಯದಲ್ಲಿ, ಹಾಸಿಗೆ ಹಿಂದೆ. ಯಾರೂ ಯಾರನ್ನೂ ದಾಟಬೇಕಿಲ್ಲ.

ಕಾರ್ಡಿಫ್ ಅಕ್ಕ:
ಲೇಔಟ್ ಆಮೇಲೆ ನೋಡಿ. ಡೀಲರ್ ಹೇಳಿದ ರೇಟು ಗೋಡೆಯ ತೇವ ಅಳೆಯುವ ಡ್ಯಾಂಪ್ ಮೀಟರ್ ಹಿಡಿಯುವ ತನಕ ಮಾತ್ರ. ನಮಗೂ ಫೋನ್‌ನಲ್ಲಿ 6,000 ಅಂದಿದ್ದರು. ಗಾಡಿ ತಗೊಂಡು ಹೋದಾಗ ಮುಂದಿನ ಕಿಟಕಿ ಕೆಳಗೆ, ಸೀಟಿನ ಕುಶನ್ ಹಿಂದೆ ಮೀಟರ್ ಒತ್ತಿದರು. 28 ಪರ್ಸೆಂಟ್. 15ರ ಒಳಗೆ ಇದ್ದರೆ ಚಿಂತೆ ಇಲ್ಲ, 20 ದಾಟಿದರೆ ಬಿಚ್ಚಿ ನೋಡಲೇಬೇಕು. ಅವರು ಹೆಬ್ಬೆರಳಲ್ಲಿ ಒತ್ತಿದರು. ಗೋಡೆ ನೆನೆಸಿದ ಅವಲಕ್ಕಿ ಹಾಗೆ ಒಳಗೆ ಹೋಯಿತು. ಅದರ ಮೇಲೇ ಮೂರು ವರ್ಷ ಒರಗಿ ಕೂತು ಕಾಫಿ ಕುಡಿದಿದ್ದೇವೆ!

1,900 ಕಡಿಮೆ ಮಾಡಿದರು. ವಾಪಸ್ ತಂದು ಬೇರೆ ಕಡೆ ರಿಪೇರಿ ಕೇಳಿದೆ, 1,450. ಅಂದರೆ ಡೀಲರ್ ಹೇಳಿದ್ದು ತೀರಾ ಅನ್ಯಾಯ ಅಲ್ಲ. ಹೊಟ್ಟೆ ಉರಿದದ್ದು ಬೇರೆಯದಕ್ಕೆ. ವರ್ಷಕ್ಕೆ 240 ಪೌಂಡ್ ಸರ್ವಿಸ್ ಉಳಿಸೋಣ ಅಂತ ಎರಡು ವರ್ಷ ಮಾಡಿಸಿರಲಿಲ್ಲ. ಮಾಡಿಸಿದ್ದರೆ ಆಗಲೇ ಸೀಲಂಟ್ ಹಾಕಿ ಮುಗಿಯುತ್ತಿತ್ತು.

ಗ್ಲಾಸ್ಗೋ ಶಿರಸಿ:
ಬಂಕ್ ಬೆಡ್ ಬಿಟ್ಟು ಬೇರೆ ಯೋಚನೆಯೇ ಬೇಡ. ನಮ್ಮದು ಟ್ವಿನ್ ಆಕ್ಸಲ್ (ನಾಲ್ಕು ಚಕ್ರದ್ದು), ಆರು ಬರ್ತ್. ಹಿಂದೆ ಮಕ್ಕಳ ಬಂಕ್, ಅದಕ್ಕೆ ಪರದೆ, ಅವರದೇ ಪುಟ್ಟ ಕಿಟಕಿ, ಅವರದೇ ಲೈಟು. ಮಳೆಯಲ್ಲಿ ಸ್ಕೈ ದ್ವೀಪದಲ್ಲಿ ನಾಲ್ಕು ದಿನ ಒಳಗೇ ಇದ್ದೆವು, ಒಂದು ಜಗಳ ಇಲ್ಲ. ನಮ್ಮದರ ಗರಿಷ್ಠ ತೂಕ 1,700 ಕೆಜಿ, ನನ್ನ ಕಾರೂ ನಿಮ್ಮಷ್ಟೇ. ಆರಾಮಾಗಿ ಎಳೆಯುತ್ತದೆ.

ಡರ್ಬಿ ಮಂಡ್ಯ:
ಶಿರಸಿಯವರೇ, ಇಂಥ ಸಲಹೆ ಕೊಡಬೇಡಿ. ಕ್ಯಾರವಾನ್ ತೂಕ ಕಾರಿನ ತೂಕದ 85 ಪರ್ಸೆಂಟ್ ಒಳಗಿರಬೇಕು ಅನ್ನುತ್ತಾರೆ. 1,750ರ ಕಾರಿಗೆ ಅದು 1,487. ನೀವು 97 ಪರ್ಸೆಂಟ್ ಎಳೆಯುತ್ತಿದ್ದೀರಿ.

ಎಂ6 ಮೋಟರ್‌ವೇಯ ಶ್ಯಾಪ್ ಇಳಿಜಾರಿನಲ್ಲಿ ನನಗೆ ಏನಾಯಿತು ಹೇಳುತ್ತೇನೆ. ಲಾರಿ ಪಕ್ಕದಲ್ಲಿ ಹೋಯಿತು, ಗಾಳಿ ಹೊಡೆಯಿತು. ಹಿಂದಿನ ಬಂಕ್ ಮೇಲೆ ಸೈಕಲ್ಲು, ಅಕ್ಕಿ ಚೀಲ, ಕುಕ್ಕರ್ ಎಲ್ಲ ತುಂಬಿದ್ದೆ. ಬಾಲ ಭಾರವಾಗಿ, ಮೂತಿ ಹಗುರ ಆಗಿತ್ತು. ಕನ್ನಡಿಯಲ್ಲಿ ಒಂದು ಸಲ ಕ್ಯಾರವಾನಿನ ಎಡಗಡೆ ಗೋಡೆ ಕಂಡಿತು, ಇನ್ನೊಂದು ಸಲ ಬಲಗಡೆ. ಬ್ರೇಕ್ ಒತ್ತದೆ ಆಕ್ಸಲರೇಟರ್ ಬಿಟ್ಟು ಸ್ಟಿಯರಿಂಗ್ ನೇರ ಹಿಡಿದೆ. ಆಮೇಲೆ ರಸ್ತೆಯಂಚಿನ ಹಾರ್ಡ್ ಶೋಲ್ಡರ್‌ನಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಸುಮ್ನೆ ಕೂತಿದ್ದೆವು. ಆ ಬಂಕ್ ಕ್ಯಾರವಾನ್ 3,200 ಲಾಸ್‌ನಲ್ಲಿ ಕೊಟ್ಟುಬಿಟ್ಟೆ.

ಗ್ಲಾಸ್ಗೋ ಶಿರಸಿ:
85 ಪರ್ಸೆಂಟ್ ಕಾನೂನಲ್ಲ, ಸಲಹೆ ಅಷ್ಟೇ. ಕಾರಿನ ಕಂಪನಿ ಹೇಳಿದ ಟೋಯಿಂಗ್ ಲಿಮಿಟ್ ಒಳಗಿದ್ದರೆ ಸಾಕು. ನೀವು ಲೋಡ್ ತಪ್ಪು ಹಾಕಿ ಬಂಕ್ ಮೇಲೆ ಯಾಕೆ ಗೂಬೆ ಕೂರಿಸುತ್ತೀರಿ?

ಡರ್ಬಿ ಮಂಡ್ಯ:
ತಪ್ಪು ನನ್ನದೇ, ಒಪ್ಪಿದೆ. ಆದರೆ ಬಂಕ್ ಇದ್ದರೆ ಎಲ್ಲರೂ ಅದರ ಮೇಲೆ ಸಾಮಾನು ಹಾಕುತ್ತಾರೆ. ಸಾಮಾನಿಗೆ ಅಂತ ಇರುವುದೇ 150 ಕೆಜಿ ಚಿಲ್ಲರೆ. ಮೂವರ್‌ಗೆ 30, ಆನಿಂಗ್‌ಗೆ (ಕ್ಯಾರವಾನ್ ಪಕ್ಕಕ್ಕೆ ಕಟ್ಟುವ ಬಟ್ಟೆಯ ಟೆಂಟ್) 25, ಇನ್ನೇನು ಉಳಿಯಿತು? ನಾನು 2019ರಲ್ಲಿ 620 ಪೌಂಡ್ ಕೊಟ್ಟು, ಮೂರು ದಿನ ರಜೆ ಹಾಕಿ ಟ್ರೈಲರ್ ಟೆಸ್ಟ್ ಪಾಸ್ ಮಾಡಿದವನು. 2021ರ ಡಿಸೆಂಬರ್‌ನಲ್ಲಿ ಟೆಸ್ಟೇ ತೆಗೆದುಹಾಕಿದರು. ಈಗ ಕಾರ್ ಲೈಸೆನ್ಸ್ ಇದ್ದವರೆಲ್ಲ 3,500 ಕೆಜಿ ತನಕ ಎಳೆಯಬಹುದು. ರಿವರ್ಸ್ ಬರದವರೂ ರೋಡಿಗೆ ಬಂದಿದ್ದಾರೆ.

ಕಾರ್ಡಿಫ್ ಅಕ್ಕ:
ನಾನು ಟೆಸ್ಟ್ ಇಲ್ಲದೆಯೇ ಎಳೆಯುವವಳು. ಕ್ಯಾರವಾನ್ ಕ್ಲಬ್‌ನ ಕೋರ್ಸ್ ಮಾಡಿದ್ದೇನೆ, ರಿವರ್ಸೂ ಬರುತ್ತದೆ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಸ್ಲೌ ಅಮ್ಮ:
ಅಡುಗೆ ಮಾಡುವವರನ್ನು ಯಾರೂ ಕೇಳಲೇ ಇಲ್ಲ, ಅಲ್ವಾ? ನಮ್ಮದು ಎಂಡ್ ಕಿಚನ್. ಹಿಂದಿನ ಕಿಟಕಿ ತೆಗೆದರೆ ಒಗ್ಗರಣೆ ಹೊಗೆ ಆಚೆ ಹೋಗುತ್ತದೆ. ಮೊದಲಿನದರಲ್ಲಿ ಒಲೆ ಬಾಗಿಲ ಎದುರು, ಲೌಂಜ್‌ಗೆ ಅಂಟಿಕೊಂಡೇ ಇತ್ತು. ಮೂರು ವರ್ಷದ ಸಾಸಿವೆ, ಇಂಗು ಎಲ್ಲ ಸೀಟಿನ ಬಟ್ಟೆಗೆ ಹಿಡಿದಿತ್ತು. ಕೊಡಲು ಹೋದಾಗ ಒಳಗೆ ವಾಸನೆ ಇದೆ ಅಂತ 300 ಕಡಿಮೆ ಮಾಡಿದರು. ನನಗೆ ಆವತ್ತು ಆದ ಅವಮಾನ ಇನ್ನೂ ಹೋಗಿಲ್ಲ. ಆಮೇಲೆ ಆಂಪ್ಸ್ ನೋಡಿ. ಕ್ಯಾರವಾನ್ ನಿಲ್ಲಿಸುವ ಸೈಟ್‌ನಲ್ಲಿ 10 ಆಂಪ್ ಹುಕ್‌ಅಪ್ (ಕರೆಂಟ್ ಕನೆಕ್ಷನ್) ಅಂದರೆ 2,300 ವ್ಯಾಟ್. ಹೀಟರ್ ಹಾಕಿಕೊಂಡು ಇಂಡಕ್ಷನ್ ಮೇಲೆ ಇಡ್ಲಿ ಇಟ್ಟರೆ ಕರೆಂಟ್ ಟ್ರಿಪ್. ಬೆಳಗಿನ ಏಳಕ್ಕೆ ಛತ್ರಿ ಹಿಡಿದು ವಾರ್ಡನ್ ಹತ್ತಿರ ಹೋಗಬೇಕು.

ಲೀಡ್ಸ್ ದಾವಣಗೆರೆ:
ಒಗ್ಗರಣೆ ಆನಿಂಗ್‌ನಲ್ಲಿ ಹಾಕಿಕೊಳ್ಳಿ. ಅದಕ್ಕೋಸ್ಕರ ಲೇಔಟ್ ಬದಲಿಸುತ್ತಾರಾ?

ಸ್ಲೌ ಅಮ್ಮ:
ಎಣ್ಣೆ ಕಾಯಿಸುವುದನ್ನು ಬಟ್ಟೆ ಗೋಡೆಯ ಒಳಗೆ ಮಾಡಿ ಅನ್ನುತ್ತೀರಲ್ಲ! ಬೆಂಕಿ ಹತ್ತಿದರೆ? ಗಾಳಿ ಆಡದಿದ್ದರೆ ಗ್ಯಾಸ್ ಒಲೆಯ ಕಾರ್ಬನ್ ಮೊನಾಕ್ಸೈಡ್ ಬೇರೆ. ಮಾವನ ಟಾಯ್ಲೆಟ್‌ಗೆ ಐದೂವರೆ ಸಾವಿರ ಕಳೆದುಕೊಂಡವರು ನನ್ನ ಅಡುಗೆಗೆ ಲೆಕ್ಕ ಹೇಳಬೇಡಿ.

ಲೀಡ್ಸ್ ದಾವಣಗೆರೆ:
ಮಾವನ ವಿಷಯ ಎತ್ತಬೇಡಿ ದಯವಿಟ್ಟು. ಕಳೆದ ವರ್ಷ ಹೋಗಿಬಿಟ್ಟರು. ಹೊಸ ಕ್ಯಾರವಾನ್‌ನಲ್ಲಿ ಒಂದೇ ಸಲ ಬಂದಿದ್ದರು, ವಿಂಡರ್‌ಮಿಯರ್‌ಗೆ.

ಸ್ಲೌ ಅಮ್ಮ:
ಗೊತ್ತಿರಲಿಲ್ಲ. ತಪ್ಪಾಯಿತು, ಕ್ಷಮಿಸಿ.

ರೆಡಿಂಗ್ ಹಾಸನ:
ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ಮಂಡಿನೋವು, ರಾತ್ರಿ ಏಳುತ್ತಾರೆ. ಆದ್ದರಿಂದ ಮಧ್ಯದ ವಾಶ್‌ರೂಮ್ ನೋಡುತ್ತೇವೆ, ತೂಕ 1,480ರ ಒಳಗೆ. ಮಕ್ಕಳು ಆ ಒಂದು ವಾರ ಆನಿಂಗ್‌ನ ಒಳಟೆಂಟ್‌ನಲ್ಲಿ ಮಲಗಲಿ. ಶನಿವಾರ ಇರುವ ಕ್ಯಾರವಾನನ್ನೇ ಎಳೆದುಕೊಂಡು ಡೆವನ್‌ಗೆ ಹೊರಟಿದ್ದೇವೆ, ಬಂದ ಮೇಲೆ ಡೀಲರ್ ಹತ್ತಿರ ಹೋಗುತ್ತೇನೆ.

ಡರ್ಬಿ ಮಂಡ್ಯ:
ಟೈರ್ ಯಾವಾಗ ಬದಲಿಸಿದಿರಿ? ಕ್ಯಾರವಾನ್ ಟೈರ್ ಸವೆಯುವುದಿಲ್ಲ, ನಿಂತಲ್ಲೇ ವಯಸ್ಸಾಗುತ್ತದೆ. ಐದು ವರ್ಷಕ್ಕೆ ಬದಲಿಸಬೇಕು, ಏಳು ದಾಟಲೇಬಾರದು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಒಳಮೈ ಕಡೆ ಇದ್ದರೂ ಇರಬಹುದು, ಬಗ್ಗಿ ನೋಡಿ.

ರೆಡಿಂಗ್ ಹಾಸನ:
ಈಗ ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿಬಂದೆ. ಎರಡರಲ್ಲೂ 0912. ಶನಿವಾರ ಹೊರಡುತ್ತಿಲ್ಲ.